ಪಿಯುಸಿ ಆಯ್ತು, ನರ್ಸಿಂಗ್ ಅಥವಾ ಪ್ಯಾರಾಮೆಡಿಕಲ್ ಓದಬೇಕು: ಸೀಟು ಹಿಡಿಯುವುದರಿಂದ ಫೀಸ್ ಕಟ್ಟುವವರೆಗೆ

ದ್ವಿತೀಯ ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಮನೆಗೆ ಫೋನುಗಳು ಶುರುವಾಗುತ್ತವೆ. "ಬೆಂಗಳೂರಲ್ಲಿ ಒಳ್ಳೇ ನರ್ಸಿಂಗ್ ಕಾಲೇಜು ಸರ್, ನಾಲ್ಕೇ ಸೀಟು ಉಳಿದಿದೆ, ಇವತ್ತೇ ಹತ್ತು ಸಾವಿರ ಹಾಕಿದ್ರೆ ನಿಮ್ಮ ಮಗಳ ಹೆಸರಲ್ಲಿ ಹಿಡಿದಿಡ್ತೀವಿ." ನಂಬರ್ ಎಲ್ಲಿಂದ ಸಿಕ್ಕಿತು ಅಂತ ಯಾರೂ ಹೇಳಲ್ಲ. ಆ ಹತ್ತು ಸಾವಿರ ಕಳಿಸುವ ಮುಂಚೆ ಇದನ್ನು ಪೂರ್ತಿ ಓದಿ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಓದಿನ ಖರ್ಚು ಕಾಲೇಜಿನ ಮೇಲಷ್ಟೇ ನಿಂತಿಲ್ಲ, ನೀವು ಸೀಟನ್ನು ಯಾವ ದಾರಿಯಲ್ಲಿ ತಗೊಂಡಿರಿ ಅನ್ನುವುದರ ಮೇಲೂ ನಿಂತಿದೆ. ಒಂದೇ ಕಾಲೇಜು, ಒಂದೇ ಕ್ಲಾಸು, ಒಂದೇ ಬೆಂಚು. ಒಬ್ಬಳು ಸರ್ಕಾರಿ ಕೋಟಾದಲ್ಲಿ ಬಂದಿರುತ್ತಾಳೆ, ಇನ್ನೊಬ್ಬಳು ಮ್ಯಾನೇಜ್‌ಮೆಂಟ್ ಸೀಟಿನಲ್ಲಿ, ಅಂದರೆ ಕಾಲೇಜಿನವರೇ ನೇರವಾಗಿ ಕೊಡುವ ಸೀಟಿನಲ್ಲಿ. ಇಬ್ಬರ ಫೀಸು ಬೇರೆ, ವಿದ್ಯಾರ್ಥಿವೇತನದ ಅರ್ಹತೆಯೂ ಬೇರೆ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರದ ನಿಯಮದಲ್ಲಿ ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಹಣ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಫೋನ್ ಮಾಡುವವರು ಇದನ್ನು ಹೇಳುವುದಿಲ್ಲ. ಹಾಗಾಗಿ ದುಡ್ಡಿನ ಯೋಚನೆ ಸೀಟು ಸಿಕ್ಕ ಮೇಲೆ ಮಾಡೋಣ ಅಂತ ಬಿಡಬೇಡಿ. ಅರ್ಜಿ ಹಾಕುವ ಮೊದಲೇ ಮಾಡಬೇಕು.

ಯಾವ ಕೋರ್ಸು?

ಆಸ್ಪತ್ರೆ ಕೆಲಸ ಅಂದರೆ ಎಂಬಿಬಿಎಸ್ ಒಂದೇ ಅಲ್ಲ. ಎಂಬಿಬಿಎಸ್, ಬಿಡಿಎಸ್, ಆಯುರ್ವೇದಕ್ಕೆ ನೀಟ್ ಬೇಕು, ಆ ದಾರಿ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಇಲ್ಲಿ ಉಳಿದ ದಾರಿಗಳ ಬಗ್ಗೆ ಹೇಳುತ್ತೇನೆ.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಈ ವಿಜ್ಞಾನದ ವಿಷಯಗಳಲ್ಲಿ ಒಟ್ಟು ಶೇ 45 ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆರ್ಟ್ಸ್ ತಗೊಂಡುಬಿಟ್ಟೆ, ನರ್ಸ್ ಆಗುವ ಆಸೆ ಮುಗೀತು ಅಂತ ಕೂತ ಹುಡುಗಿಯರನ್ನು ನೋಡಿದ್ದೇನೆ. ಮುಗಿದಿಲ್ಲ. ಜಿಎನ್‌ಎಂ ಮುಗಿಸಿ ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಪದವಿಯೂ ಕೈಗೆ ಬರುತ್ತದೆ. ಹುಡುಗರೂ ಸೇರಬಹುದು, ಸೇರುತ್ತಿದ್ದಾರೆ.

ರೋಗಿಯ ಪಕ್ಕ ದಿನವಿಡೀ ನಿಲ್ಲುವುದಕ್ಕಿಂತ ಯಂತ್ರ, ಲ್ಯಾಬು ಇಷ್ಟ ಅನ್ನುವವರಿಗೆ ಅಲೈಡ್ ಹೆಲ್ತ್ ಕೋರ್ಸುಗಳಿವೆ: ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ಡಯಾಲಿಸಿಸ್, ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್, ಕಣ್ಣಿನ ಪರೀಕ್ಷೆಯ ಆಪ್ಟೊಮೆಟ್ರಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಇವು ಬಹುತೇಕ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟು ವರ್ಷ ಓದಿಸಲು ಮನೆಯಲ್ಲಿ ಆಗಲ್ಲ ಅಂದರೆ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ನೋಡಿ. ಸೈನ್ಸ್ ಪಿಯುಸಿ ಆದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ.

ಆಯ್ಕೆ ಮಾಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಬೆಳಿಗ್ಗೆ ಹೋಗಿ, ಅಲ್ಲಿನ ಸಿಸ್ಟರ್ ಒಬ್ಬರನ್ನು ವಿನಯದಿಂದ ಮಾತಾಡಿಸಿ. ನೈಟ್ ಡ್ಯೂಟಿ ಹೇಗಿರುತ್ತದೆ, ಮೊದಲ ಸಲ ರಕ್ತ ನೋಡಿದಾಗ ಏನಾಯ್ತು, ಈಗ ಸಂಬಳ ಎಷ್ಟು ಅಂತ ಕೇಳಿ. ಹತ್ತು ನಿಮಿಷದಲ್ಲಿ ಅವರು ಹೇಳುವುದು ಯಾವ ಬಣ್ಣದ ಬ್ರೋಷರ್‌ನಲ್ಲೂ ಇರುವುದಿಲ್ಲ.

ಕಾಗದಪತ್ರ: ರಿಸಲ್ಟ್‌ಗೆ ಕಾಯಬೇಡಿ

ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬೇಕು. ಅದರ ಮೇಲಿರುವ ಆರ್‌ಡಿ ನಂಬರೇ ಮುಂದೆ ಎಲ್ಲ ಅರ್ಜಿಗೂ ಕೀಲಿಕೈ. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ಹೈಸ್ಕೂಲಿನಲ್ಲಿ ಮಾಡಿಸಿದ್ದರೆ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ ಕೇಳಬಹುದು. ಎರಡಕ್ಕೂ ಶಾಲೆಯ ಮುಖ್ಯ ಶಿಕ್ಷಕರ ಪತ್ರ, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ನಾಲ್ಕನೇ ಕ್ಲಾಸಿನವರೆಗೆ ಒಂದು ಶಾಲೆ, ಏಳರವರೆಗೆ ಇನ್ನೊಂದು, ಆಮೇಲೆ ಹೈಸ್ಕೂಲು ಅಂತ ಓದಿದವರು ಎಲ್ಲ ಶಾಲೆಗೂ ಅಲೆಯಬೇಕು. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರ್ ಸಿಗುವುದು ಕಷ್ಟ, ಅಲ್ವಾ? ಅದಕ್ಕೇ ಜನವರಿ, ಫೆಬ್ರುವರಿಯಲ್ಲೇ ಮುಗಿಸಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮರೆಯಲೇಬೇಡಿ. ಅದು ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ಸಮಯ ಹಿಡಿಯುತ್ತದೆ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಒಂದು ಕಡೆ ಇನಿಶಿಯಲ್ ಇರುತ್ತದೆ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು. ನೋಡೋಕೆ ಸಣ್ಣ ವಿಷಯ, ಆದರೆ ವಿದ್ಯಾರ್ಥಿವೇತನದ ತಂತ್ರಾಂಶ ಇದಕ್ಕೇ ತಡೆ ಹಾಕುತ್ತದೆ. ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸಿ.

ಕೊನೆಯದು ಬ್ಯಾಂಕ್ ಖಾತೆ. ಖಾತೆ ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿನವರು "ಲಿಂಕ್ ಆಗಿದೆ" ಅಂದರೆ ಸಾಕಾಗುವುದಿಲ್ಲ. ಖಾತೆಗೆ ಆಧಾರ್ ನಂಬರ್ ಕೊಡುವುದು ಒಂದು, ಸರ್ಕಾರದ ಹಣ ಈ ಖಾತೆಗೇ ಬರಲಿ ಅಂತ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ದಾಖಲಿಸುವುದು, ಅಂದರೆ ಸೀಡಿಂಗ್ ಮಾಡಿಸುವುದು ಇನ್ನೊಂದು. ಶಾಲೆಯಲ್ಲಿದ್ದಾಗ ತೆರೆದು ಮರೆತುಹೋದ ಹಳೇ ಖಾತೆಗೆ ಹಣ ಹೋಗಿ ಬಿದ್ದಿರುವುದು, ಇಲ್ಲವೇ ಖಾತೆ ನಿಷ್ಕ್ರಿಯವಾಗಿ ಹಣ ವಾಪಸ್ ಹೋಗಿರುವುದು ಹೊಸದೇನಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಅಂತ ಇದೆ, ಮೊಬೈಲ್‌ಗೆ ಬರುವ ಒಟಿಪಿ ಹಾಕಿದರೆ ಯಾವ ಬ್ಯಾಂಕು ಅಂತ ತೋರಿಸುತ್ತದೆ. ಹಳೇ ಬ್ಯಾಂಕಿನ ಹೆಸರು ಬಂದರೆ ಈಗಿನ ಬ್ಯಾಂಕಿನಲ್ಲಿ ಸೀಡಿಂಗ್ ಅರ್ಜಿ ತುಂಬಿ ಕೊಡಿ, ಒಂದು ವಾರ ಬಿಟ್ಟು ಮತ್ತೆ ನೋಡಿ.

ಕೆಇಎ ದಾರಿಯಲ್ಲಿ ಸೀಟು

ಕೆಇಎ ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಬಿಎಸ್ಸಿ ನರ್ಸಿಂಗ್‌ಗೆ ಅದು ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ಫಿಸಿಯೊಥೆರಪಿ ಮತ್ತು ಅಲೈಡ್ ಹೆಲ್ತ್ ಕೋರ್ಸುಗಳ ಸರ್ಕಾರಿ ಸೀಟುಗಳನ್ನೂ ಕೆಇಎಯೇ ಹಂಚುತ್ತದೆ. ಇಂಜಿನಿಯರಿಂಗ್ ಬೇಡ ಅಂದವರು ಸಿಇಟಿ ನಮಗಲ್ಲ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಅರ್ಜಿ ತುಂಬುವಾಗ ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ ಕಾಲಂಗಳನ್ನು ಸರಿಯಾಗಿ ತುಂಬಿ. ಸೈಬರ್ ಸೆಂಟರಿನವರು ಅವಸರದಲ್ಲಿ "ಇಲ್ಲ" ಅಂತ ಒತ್ತಿಬಿಟ್ಟರೆ ಮೀಸಲಾತಿ ಹೋದಂತೆಯೇ. ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿ, ಆಮೇಲೆ ಸಲ್ಲಿಸಲು ಹೇಳಿ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದು. ಮೊದಲು ಸರ್ಕಾರಿ ಕಾಲೇಜುಗಳನ್ನು ಹಾಕಿ, ದೂರ ಇದ್ದರೂ ಪರವಾಗಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆ ಇರುವ ಖಾಸಗಿ ಕಾಲೇಜುಗಳು. ನಾಲ್ಕೈದು ಹಾಕಿ ಸುಮ್ನೆ ಕೂರಬೇಡಿ, ಹೋಗಲು ತಯಾರಿರುವ ಎಲ್ಲವನ್ನೂ ಹಾಕಿ. ಹೋಗಲು ಮನಸ್ಸಿಲ್ಲದ್ದನ್ನು ಮಾತ್ರ ಹಾಕಬೇಡಿ, ಅದೇ ಸಿಕ್ಕಿಬಿಟ್ಟರೆ ಕಷ್ಟ. ಅಣಕು ಹಂಚಿಕೆ ನೋಡಿ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಸೀಟು ಒಪ್ಪಿ ಸೇರುವವರಿಗೆ ಮೊದಲನೆಯದು. ಇದನ್ನು ಇಟ್ಟುಕೊಂಡು ಮೇಲಿನ ಆಯ್ಕೆಗೆ ಕಾಯುತ್ತೇನೆ ಅನ್ನುವವರಿಗೆ ಎರಡನೆಯದು. ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಅಂದರೆ ಮೂರನೆಯದು. ನಾಲ್ಕನೆಯದು ಒತ್ತಿದರೆ ಆಟದಿಂದಲೇ ಹೊರಗೆ. ಮೂರನೆಯದರಲ್ಲಿ ಕೈಯಲ್ಲಿರುವ ಸೀಟು ಹೋಗುತ್ತದೆ, ಹಾಗಾಗಿ ಗೆಳತಿ ಒತ್ತಿದಳು ಅಂತ ನೀವೂ ಒತ್ತಬೇಡಿ.

ಫೀಸು ತೀರಾ ಕಡಿಮೆ ಇರುವ, ಅಥವಾ ಇಲ್ಲವೇ ಇಲ್ಲದ ದಾರಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ತನ್ನ ಬಿಎಸ್ಸಿ ನರ್ಸಿಂಗ್‌ಗೆ ಬೇರೆಯೇ ಅರ್ಜಿ ಕರೆಯುತ್ತದೆ. ಕೇಂದ್ರ ಸರ್ಕಾರದ ಏಮ್ಸ್ ವೈದ್ಯಕೀಯ ಸಂಸ್ಥೆಗಳದ್ದು ಬೇರೆ ಪ್ರವೇಶ ಪರೀಕ್ಷೆ. ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಇದೆ. ನೀಟ್ ಅಂಕದ ಮೇಲೆ ಕರೆಯುತ್ತಾರೆ, ಆಮೇಲೆ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಇರುತ್ತವೆ. ದೇಶದಲ್ಲಿ ಒಟ್ಟು ಆರು ಕಾಲೇಜು, 220 ಸೀಟು, ಅದರಲ್ಲಿ 40 ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೇ ಇವೆ. ನಾಲ್ಕು ವರ್ಷ ಓದಿಸಿ ಅಧಿಕಾರಿಯಾಗಿ ನೇಮಿಸಿಕೊಳ್ಳುತ್ತಾರೆ, ಅದಕ್ಕೆ ಸೇವೆ ಮಾಡುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ನರ್ಸಿಂಗ್ ಓದುವ ಆಸೆ ಇರುವ ಹುಡುಗಿ ನೀಟ್ ಬರೆಯಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕಾಲೇಜನ್ನು ಕಣ್ಣಾರೆ ನೋಡಿ

ಖಾಸಗಿ ಕಾಲೇಜಾದರೆ ಬಿಎಸ್ಸಿಗೆ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಜಿಎನ್‌ಎಂ ಆದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಪ್ಯಾರಾಮೆಡಿಕಲ್ ಆದರೆ ಪ್ಯಾರಾಮೆಡಿಕಲ್ ಮಂಡಳಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಮಂಡಳಿಯ ನಿಯಮ. ಕಟ್ಟಡ ಹೊಳೆಯುತ್ತಿದೆಯೇ ಅಂತ ನೋಡಬೇಡಿ, ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಹತ್ತಕ್ಕೆ ಹೊರರೋಗಿ ವಿಭಾಗದಲ್ಲಿ ಜನ ಇದ್ದಾರಾ? ವಾರ್ಡಿನ ಹಾಸಿಗೆ ತುಂಬಿವೆಯಾ? ರೋಗಿಗಳೇ ಇಲ್ಲದ ಕಡೆ ನಾಲ್ಕು ವರ್ಷ ಇದ್ದರೂ ಐವಿ ಹಾಕಲು ಕೈ ಕೂರುವುದಿಲ್ಲ. ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಸೇರಿದ ಮೇಲೆ ಇನ್ನೇನೇನು ವಸೂಲಿ ಮಾಡಿದರು ಅಂತ ಕೇಳಿ.

ಮೂಲ ಅಂಕಪಟ್ಟಿ ಕೊಡಬೇಕಾಗಿ ಬಂದರೆ ಸಹಿ, ಸೀಲು ಇರುವ ಸ್ವೀಕೃತಿ ತಗೊಳ್ಳಿ.

ಖರ್ಚಿನ ಪಟ್ಟಿ ಬರೆಯಿರಿ

ಕಾಲೇಜಿನವರು ಹೇಳುವುದು ಟ್ಯೂಷನ್ ಫೀಸ್ ಮಾತ್ರ. ಕಾಗದದ ಮೇಲೆ ನಾಲ್ಕೂ ವರ್ಷದ ಪಟ್ಟಿ ಕೇಳಿ, ಲೆಟರ್‌ಹೆಡ್‌ನಲ್ಲಿ. ಅದರಲ್ಲಿ ಇವು ಇವೆಯಾ ನೋಡಿ: ವಿಶ್ವವಿದ್ಯಾಲಯದ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ (ಬಿಎಸ್ಸಿ ನರ್ಸಿಂಗ್ ಈಗ ಎಂಟು ಸೆಮಿಸ್ಟರ್, ಅಂದರೆ ವರ್ಷಕ್ಕೆ ಎರಡು ಸಲ), ಯೂನಿಫಾರ್ಮು, ಬಿಳಿ ಶೂ, ರೆಕಾರ್ಡ್ ಬುಕ್ಕುಗಳು, ಹಾಸ್ಟೆಲ್, ಮೆಸ್ಸು, ಆಸ್ಪತ್ರೆಗೆ ಓಡಾಡುವ ಬಸ್ಸು. ಮನೋರೋಗ ವಿಭಾಗದ ಪೋಸ್ಟಿಂಗ್‌ಗೆ ಬೇರೆ ಆಸ್ಪತ್ರೆಗೆ ಕಳಿಸುವಾಗ ಅದರ ಶುಲ್ಕ, ಅಲ್ಲಿ ಇರುವ ಖರ್ಚು ಯಾರದ್ದು ಅಂತ ಕೇಳಿಯೇ ಕೇಳಿ. "ಆಮೇಲೆ ನೋಡೋಣ" ಅಂದರೆ ಅದು ನಿಮ್ಮದೇ ಅಂತ ಬರೆದುಕೊಳ್ಳಿ.

ಉಚಿತವಾಗಿ ಬರುವ ಹಣ ಮೊದಲು

ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳಿಗೆಲ್ಲ ಅರ್ಜಿ ಇದರಲ್ಲೇ. ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷದೊಳಗಿರಬೇಕು. ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಇದೆ, ಆದಾಯ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ: ಊಟ, ವಸತಿಗೆ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಹಣ. ಹಾಸ್ಟೆಲ್ ಸಿಕ್ಕರೆ ವಿದ್ಯಾಸಿರಿ ಇಲ್ಲ. ಬೆಂಗಳೂರು, ಮೈಸೂರಿನಂಥ ಕಡೆ ಹಾಸ್ಟೆಲ್ ಸಿಗುವುದೇ ಎಷ್ಟೋ ಲಾಭ, ಮೊದಲು ಅದಕ್ಕೆ ಅರ್ಜಿ ಹಾಕಿ.

ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂತು. ನರ್ಸಿಂಗ್, ಪ್ಯಾರಾಮೆಡಿಕಲ್ ಓದುವವರಿಗೆ ಅದರಲ್ಲಿ ನಿಗದಿ ಮಾಡಿದ್ದು ವರ್ಷಕ್ಕೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಬೇಕು. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ, ಪೌತಿ ಖಾತೆ ಮಾಡಿಸಿ ಅಪ್ಪ ಅಮ್ಮನ ಹೆಸರಿಗೆ ತಂದುಕೊಳ್ಳಿ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅಪ್ಪ ಅಮ್ಮ ನೋಂದಣಿ ಮಾಡಿಸಿದ್ದರೆ ಅಲ್ಲೂ ಶೈಕ್ಷಣಿಕ ಸಹಾಯಧನ ಇದೆ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದ ಹುಡುಗಿಯರು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನ ನೋಡಲೇಬೇಕು. ವರ್ಷಕ್ಕೆ 30,000 ರೂಪಾಯಿ, ಪದವಿಗೂ ಡಿಪ್ಲೊಮಾಕ್ಕೂ ಇದೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷಕ್ಕೆ ಬಂದು ನೆನಪಾದರೆ ಪ್ರಯೋಜನ ಇಲ್ಲ. ಪಿಯುಸಿಯಲ್ಲಿ ತುಂಬಾ ಒಳ್ಳೇ ಅಂಕ ಬಂದು ಮನೆ ಆದಾಯ 4.5 ಲಕ್ಷದೊಳಗಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೇಂದ್ರದ ಯೋಜನೆ ಇದೆ, ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000. ಎರಡು ಕಡೆ ಅರ್ಜಿ ಹಾಕುವಾಗ ಒಂದು ತಗೊಂಡರೆ ಇನ್ನೊಂದಕ್ಕೆ ಅಡ್ಡಿ ಇದೆಯಾ ಅಂತ ನಿಯಮ ಓದಿ.

ಎಸ್‌ಎಸ್‌ಪಿಯಲ್ಲಿ ಅರ್ಜಿ ಸಲ್ಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಆಗಬೇಕು. ಕಾಲೇಜು ನಿಮ್ಮ ನೋಂದಣಿ ಸಂಖ್ಯೆ, ಸೀಟಿನ ಬಗೆ, ಫೀಸಿನ ವಿವರ ಸರಿಯಾಗಿ ಹಾಕಿರಬೇಕು. ಆಫೀಸಿನಲ್ಲಿ ಈ ಕೆಲಸ ನೋಡುವವರು ಯಾರು ಅಂತ ಮೊದಲ ವಾರದಲ್ಲೇ ತಿಳಿದುಕೊಂಡು, ಆಗಾಗ ಹೋಗಿ ವಿಚಾರಿಸಿ. ಹಣ ಬಂತೇ ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಗೊತ್ತಾಗುತ್ತದೆ. ಹಣ ಬರುವುದು ತಡ. ಮೊದಲ ವರ್ಷದ ಖರ್ಚಿಗೆ ಅದನ್ನೇ ನಂಬಿ ಕೂರಬೇಡಿ.

ಉಳಿದದ್ದಕ್ಕೆ ಸಾಲ

ಬಡ್ಡಿ ಕಡಿಮೆ ಇರುವ ಸಾಲ ಮೊದಲು. ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಅರಿವು ಸಾಲ ಕೊಡುತ್ತವೆ, ಬಡ್ಡಿ ಶೇ 2 ಅಷ್ಟೇ. ಸಿಇಟಿ ಮೂಲಕ ಸೀಟು ತಗೊಂಡವರಿಗಾಗಿಯೇ ಇರುವ ಸಾಲ ಇದು. ನೋಡಿ, ಇಲ್ಲೂ ಸೀಟಿನ ದಾರಿಯೇ ಬಂತು.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಊರಿಗೆ ಹತ್ತಿರದ ಶಾಖೆಗೆ ಹೋಗಿ. 4 ಲಕ್ಷದವರೆಗೆ ಜಮೀನು, ಮನೆ ಅಡ ಇಡಬೇಕಿಲ್ಲ, ಕೈಯಿಂದ ಹಾಕುವ ಪಾಲೂ ಇಲ್ಲ. 7.5 ಲಕ್ಷದವರೆಗೂ ಕೇಂದ್ರದ ಖಾತರಿ ಯೋಜನೆಯಲ್ಲಿ ಅಡಮಾನ ಇಲ್ಲದೆ ಕೊಡಬಹುದು. ಮ್ಯಾನೇಜರ್ ಪಹಣಿ ತನ್ನಿ ಅಂದರೆ ಈ ಮಾತು ನೆನಪಿಸಿ, ಇಲ್ಲ ಅಂದರೆ ಲಿಖಿತವಾಗಿ ಕೊಡಿ ಅಂತ ಕೇಳಿ.

ಒಂದು ಲೆಕ್ಕ ನೋಡೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ. ಅಲ್ಲಿಯವರೆಗೆ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಸಾಲ 4 ಲಕ್ಷ ಇದ್ದದ್ದು 5.4 ಲಕ್ಷ ಆಯಿತು. ಹತ್ತು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಈಗ ನೋಡಿ, ಮನೆ ಆದಾಯ 4.5 ಲಕ್ಷದೊಳಗಿದ್ದು ಕೇಂದ್ರದ ಬಡ್ಡಿ ಸಹಾಯಧನ ಸಿಕ್ಕರೆ ಆ 1.4 ಲಕ್ಷವನ್ನು ಸರ್ಕಾರವೇ ಕಟ್ಟುತ್ತದೆ, ಕಂತು 5,300ರ ಆಸುಪಾಸಿಗೆ ಇಳಿಯುತ್ತದೆ. ಇದು ತಾನಾಗಿ ಬರುವುದಿಲ್ಲ. ಸಾಲ ತಗೊಳ್ಳುವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಹಾಯಧನಕ್ಕೆ ಹೆಸರು ಸೇರಿಸಿ ಅಂತ ಬ್ಯಾಂಕಿನಲ್ಲಿ ಕೇಳಬೇಕು. ಸಹಾಯಧನ ಇಲ್ಲದವರು ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಹೊರೆ ಬೆಳೆಯುವುದಿಲ್ಲ, ಹಾಗೆ ಕಟ್ಟುವವರಿಗೆ ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿಯನ್ನೂ ಕೊಡುತ್ತವೆ. ಕೈಸಾಲ, ಮೈಕ್ರೊ ಫೈನಾನ್ಸ್ ಸಾಲ ಮಾಡಿ ಮಾತ್ರ ಫೀಸು ಕಟ್ಟಬೇಡಿ. ಸೇರಿದ ವಾರದಿಂದಲೇ ಕಂತು ಶುರುವಾದರೆ ಅಮ್ಮನ ಕೂಲಿ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ.

ಸೇರಿದ ಮೇಲೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಭಾರ. ಅನಾಟಮಿ, ಫಿಸಿಯಾಲಜಿ ಎರಡೂ ಇಂಗ್ಲಿಷಿನಲ್ಲೇ. ದಿನಕ್ಕೆ ಒಂದಿಷ್ಟು ಪದ ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದು ಬಾಯಿಬಿಟ್ಟು ಓದಿ. ವಾರ್ಡಿಗೆ ಹೋದಾಗ ನಿಮ್ಮ ಕನ್ನಡವೇ ನಿಮಗೆ ಬಲ. "ಎದೆ ಉರೀತದೆ", "ಕೈಕಾಲು ಹರೀತದೆ", "ಹೊಟ್ಟೆ ಹಿಡ್ಕೊಂಡಂಗೆ ಆಗ್ತದೆ" ಅಂತ ಅಜ್ಜಿ ಹೇಳಿದ್ದು ಮೊದಲು ಅರ್ಥವಾಗುವುದು ನಿಮಗೆ.

ಓದು ಮುಗಿದ ಕೂಡಲೇ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಅದಿಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ, ಸರ್ಕಾರಿ ಅರ್ಜಿಯನ್ನೂ ಹಾಕಲಾಗುವುದಿಲ್ಲ. ನರ್ಸಿಂಗ್ ಅಧಿಕಾರಿ ಹುದ್ದೆಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಅಂತಿಮ ವರ್ಷದಿಂದಲೇ ತಯಾರಾಗಿ. ಆಯ್ಕೆಯಾದರೆ ಮೂಲ ವೇತನವೇ 44,900 ರೂಪಾಯಿ. ಜಿಎನ್‌ಎಂ ಆದವರೂ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಅನುಭವ ಇದ್ದರೆ ಬರೆಯಬಹುದು. ಅದಕ್ಕೇ ಖಾಸಗಿ ಆಸ್ಪತ್ರೆಯಲ್ಲಿ ಮೊದಲ ಕೆಲಸ ಸಿಕ್ಕಾಗ ಸಂಬಳ ಕಡಿಮೆ ಅಂತ ಬೇಜಾರಾದರೂ ನೇಮಕಾತಿ ಪತ್ರ, ಅನುಭವ ಪತ್ರ ಸರಿಯಾಗಿ ತಗೊಳ್ಳಿ.

ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಭಾಷೆ ಪರೀಕ್ಷೆಗೆ ಓದುವಾಗಲೇ ಕೂರಿ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯೂ ಬೇಕು. ಏಜೆನ್ಸಿ ಮೂಲಕ ಹೋಗುವುದಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅದರ ನೋಂದಣಿ ಇದೆಯಾ ನೋಡಿ. ನೋಂದಾಯಿತ ಏಜೆನ್ಸಿ ಸೇವಾ ಶುಲ್ಕ ಅಂತ ತಗೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಮೂರು ಲಕ್ಷ, ನಾಲ್ಕು ಲಕ್ಷ ಕೊಡಿ ಅಂದವರಿಗೆ ಪಾಸ್‌ಪೋರ್ಟ್ ಕೊಡದೆ ಎದ್ದು ಬನ್ನಿ.